ಕಿಲುಬು ಕನ್ನಡಿಗಳ ಸಹವಾಸ

ಕೆಲವರ ನೌಕರಿಯಲ್ಲಿ ಬಡ್ತಿ ಬರುತ್ತದೆ, ಕೆಲವರಿಗೆ ವರ್ಗಾವಣೆ ಬರುತ್ತದೆ. ನನ್ನ ನೌಕರಿಯಲ್ಲಿ ತಪ್ಪದೆ ಬರುವುದು ಫಜೀತಿ ಒಂದೇ. ಒಂದು ಮುಗಿಯಿತು, ಇನ್ನು ಸ್ವಲ್ಪ ದಿನ ನೆಮ್ಮದಿ ಅಂದುಕೊಂಡು ಚಹಾದ ಕಪ್ಪು ಕೈಗೆತ್ತಿಕೊಳ್ಳುವಷ್ಟರಲ್ಲಿ ಇನ್ನೊಂದು ಬಂದು ಬಾಗಿಲು ತಟ್ಟುತ್ತದೆ.

ನನ್ನ ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಧಾರವಾಡದಲ್ಲಿ ಕೆಮಿಸ್ಟ್ರಿ ಓದಿದವಳು ನಾನು. ಮದುವೆಯಾಗಿ ಜರ್ಮನಿಯ ರೇಗನ್ಸ್‌ಬರ್ಗಿಗೆ ಬಂದೆ. ನಮ್ಮ ಮನೆಯವರು ಇಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರ್. ಮನೆಯಲ್ಲಿ ಸುಮ್ಮನೆ ಕೂರಲಾರದೆ, ಹಳೇ ಲೋಹದ ವಸ್ತುಗಳನ್ನು ಉಳಿಸುವ ವಿದ್ಯೆ ಕಲಿತು, ಒಂದು ಮ್ಯೂಸಿಯಮ್ಮಿನ ವರ್ಕ್‌ಶಾಪಿಗೆ ಸೇರಿಕೊಂಡೆ. ಮ್ಯೂಸಿಯಮ್ಮಿನ ಹೆಸರು ಬೇಡ, ನಾಳೆಯೂ ಅಲ್ಲಿಗೇ ಕೆಲಸಕ್ಕೆ ಹೋಗಬೇಕು.

ರೋಮನ್ನರು ದೊಡ್ಡವರಾಗುವ ಮೊದಲು ಇಟಲಿಯಲ್ಲಿ ಎಟ್ರಸ್ಕನ್ನರು ಅಂತ ಒಂದು ಜನ ಚೆನ್ನಾಗಿ ಬಾಳಿ ಹೋದರು. ಅವರ ಹೆಣ್ಣುಮಕ್ಕಳು ಕಂಚಿನ ಕೈಗನ್ನಡಿ ಇಟ್ಟುಕೊಳ್ಳುತ್ತಿದ್ದರು. ದುಂಡನೆಯ ತಟ್ಟೆ, ಕೆಳಗೊಂದು ಹಿಡಿ. ಒಂದು ಬದಿ ಮುಖ ಕಾಣುವಂತೆ ಉಜ್ಜಿ ಹೊಳಪು ಮಾಡಿದ್ದು, ಇನ್ನೊಂದು ಬದಿಗೆ ದೇವರು, ದೇವತೆ, ಮದುಮಗಳ ಶೃಂಗಾರ ಅಂತ ಚಿತ್ರ ಕೊರೆದಿರುತ್ತಿದ್ದರು. ಆ ಹೆಣ್ಣುಮಗಳು ಸತ್ತರೆ ಕನ್ನಡಿಯೂ ಅವಳ ಜೊತೆ ಸಮಾಧಿಗೆ ಹೋಗುತ್ತಿತ್ತು. ಎರಡು ಸಾವಿರ ವರ್ಷ ಮಣ್ಣಲ್ಲಿದ್ದು ಕಿಲುಬು ಹಿಡಿದು, ಹಸಿರು ರೊಟ್ಟಿಯ ಹಾಗೆ ಹೊರಬಂದ ಈ ಕನ್ನಡಿಗಳ ಕಿಲುಬನ್ನು ಸೂಕ್ಷ್ಮದರ್ಶಕದ ಕೆಳಗೆ ಸಣ್ಣ ಬ್ಲೇಡಿನಿಂದ ಕೆರೆದು ಕೆರೆದು, ಒಳಗಿನ ಚಿತ್ರವನ್ನು ಬೆಳಕಿಗೆ ತರುವುದು ನನ್ನ ಹೊಟ್ಟೆಪಾಡು. ಒಂದು ದಿನಕ್ಕೆ ಹೆಬ್ಬೆರಳ ಉಗುರಿನಷ್ಟು ಜಾಗ ಚೊಕ್ಕಟವಾದರೆ ಅವತ್ತು ಹಬ್ಬ.

ಬಿಳಿ ತೆಗೆದು ಹಳದಿ ಬಿಡುವುದು

ಮೊದಲ ಫಜೀತಿ ಕೆಲಸಕ್ಕೆ ಸೇರುವ ಮೊದಲೇ ಆಯಿತು, ಇಂಟರ್‌ವ್ಯೂನಲ್ಲಿ.

ಜರ್ಮನ್‌ನಲ್ಲಿ ಕನ್ನಡಿಗೆ ಶ್ಪೀಗೆಲ್ ಅನ್ನುತ್ತಾರೆ. ಒಂದಿದ್ದರೂ ಶ್ಪೀಗೆಲ್, ನೂರಿದ್ದರೂ ಶ್ಪೀಗೆಲ್ಲೇ. ಇದು ನನಗೆ ಗೊತ್ತಿರಲಿಲ್ಲ. ಬಹುವಚನಕ್ಕೆ ಏನಾದರೊಂದು ಬಾಲ ಇರಲೇಬೇಕು ಅಂತ ನನ್ನ ನಂಬಿಕೆ. ಅವತ್ತು ಬೆಳಿಗ್ಗೆ ಸ್ಟೇಷನ್ನಿನ ಹೋಟೆಲ್ ಬೋರ್ಡಿನಲ್ಲಿ 'ಶ್ಪೀಗೆಲ್‌ಐಯರ್' ಅಂತ ಓದಿದ್ದೆ. ಓಹೋ, ಕನ್ನಡಿಗಳು ಅನ್ನುವುದಕ್ಕೆ ಇದೇ ಪದ ಅಂತ ಖುಷಿಯಾಗಿ ಬಾಯಿಪಾಠ ಮಾಡಿಕೊಂಡೆ. ಹೋಟೆಲ್ಲಿನಲ್ಲಿ ಕನ್ನಡಿ ಯಾಕೆ ಮಾರುತ್ತಾರೆ ಅಂತ ಒಂದು ಕ್ಷಣವೂ ಯೋಚಿಸಲಿಲ್ಲ.

ಮೇಜಿನ ಆಚೆ ಮೂವರು ಕೂತಿದ್ದರು. ನಡುವೆ ವರ್ಕ್‌ಶಾಪಿನ ಮುಖ್ಯಸ್ಥೆ. ಎಲ್ಲರೂ ಅವರನ್ನು ಫ್ರಾವ್ ಡಾಕ್ಟರ್, ಅಂದರೆ ಡಾಕ್ಟರಮ್ಮ, ಅನ್ನುತ್ತಿದ್ದರು. ನಕ್ಕರೆ ತೆರಿಗೆ ಬೀಳುತ್ತದೆ ಅನ್ನುವ ಹಾಗೆ ಮುಖ.

"ನಿಮ್ಮ ಅನುಭವ ಹೇಳಿ" ಅಂದರು.

"ಓದುವಾಗಲೇ ತುಂಬಾ ಶ್ಪೀಗೆಲ್‌ಐಯರ್ ಕೈಯಲ್ಲಿ ಹಾಯ್ದು ಹೋಗಿವೆ" ಅಂದೆ ಧೈರ್ಯವಾಗಿ.

ಎಡಗಡೆಯವರು ಕೆಮ್ಮಿದರು. ಬಲಗಡೆಯವರು ಕಿಟಕಿ ಕಡೆ ತಿರುಗಿಕೊಂಡರು. ಫ್ರಾವ್ ಡಾಕ್ಟರ್ ಮಾತ್ರ ಮುಖ ಅಲುಗಿಸದೆ ಕೇಳಿದರು, "ಒಡೆಯದ ಹಾಗೆ ಹೇಗೆ ನೋಡಿಕೊಳ್ಳುತ್ತೀರಿ?"

"ಬಹಳ ಹಗುರವಾಗಿ ಹಿಡಿಯುತ್ತೇನೆ. ಮೇಲಿರುವ ಬಿಳಿ ಪದರ ಮೊದಲು ತೆಗೆಯುತ್ತೇನೆ. ಕೆಳಗೆ ಹಳದಿ ಕಂಡ ತಕ್ಷಣ ಕೈ ನಿಲ್ಲಿಸಿಬಿಡುತ್ತೇನೆ."

ಕಂಚಿನ ಮೇಲೆ ಕೂತ ಸುಣ್ಣದ ಪದರದ ವಿಷಯ ಹೇಳಿದ್ದು ನಾನು. ಅಷ್ಟರಲ್ಲಿ ಕಿಟಕಿ ಕಡೆ ತಿರುಗಿದ್ದವರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಹೊರಗೆ ಓಡಿದರು. ಮನೆಗೆ ಬಂದು ಹೇಳಿದಾಗ ನಮ್ಮವರು ಸೋಫಾದಿಂದ ಕೆಳಗೆ ಜಾರಿದರು. ಶ್ಪೀಗೆಲ್‌ಐಯರ್ ಅಂದರೆ ನಮ್ಮೂರಿನ ಬುಲ್ಸ್‌ಐ, ಹಂಚಿನ ಮೇಲೆ ಒಡೆದು ಹಾಕುವ ಮೊಟ್ಟೆ!

ಇನ್ನು ಈ ಕೆಲಸದ ಆಸೆ ಬಿಟ್ಟ ಹಾಗೇ ಅಂದುಕೊಂಡಿದ್ದೆ. ಆದರೆ ಕೆಲಸ ಸಿಕ್ಕಿತು. ಮೊದಲ ದಿನ ಹೋಗಿ ನೋಡಿದರೆ ನನ್ನ ಮೇಜಿನ ಮೇಲೆ ಸೂಕ್ಷ್ಮದರ್ಶಕ, ಬ್ಲೇಡು, ಕುಂಚ ಎಲ್ಲ ಸಾಲಾಗಿ ಜೋಡಿಸಿದ್ದರು. ಪಕ್ಕದಲ್ಲಿ ಅಷ್ಟೇ ಅಚ್ಚುಕಟ್ಟಾಗಿ, ಉಪ್ಪಿನ ಡಬ್ಬಿ ಮತ್ತು ಕಾಳುಮೆಣಸಿನ ಪುಡಿ.

ಅತ್ತೆಯವರ ಉಪಕಾರ

ಅತ್ತೆಯವರು ಗದಗದಿಂದ ಬೇಸಿಗೆಗೆ ಬಂದಿದ್ದರು. ಆಗ ನಾವು ಕಂಚಿಗೆ ಸವರುವ ಒಂದು ಹೊಸ ಮೇಣವನ್ನು ಪರೀಕ್ಷೆ ಮಾಡುತ್ತಿದ್ದೆವು. ಅಸಲಿ ಕನ್ನಡಿಯ ಮೇಲೆ ಪರೀಕ್ಷೆ ಮಾಡುವ ಹಾಗಿಲ್ಲವಲ್ಲ, ಅದಕ್ಕೆ ಹೊಸ ಕಂಚಿನ ತಟ್ಟೆಗಳನ್ನು ತಂದು, ಉಪ್ಪು, ವಿನೆಗರ್ ಆವಿ ಹಾಯಿಸಿ, ಬೇಕಂತಲೇ ಕಿಲುಬು ಬೆಳೆಸಬೇಕು. ವರ್ಕ್‌ಶಾಪಿನಲ್ಲಿ ವಾಸನೆ ಬರುತ್ತದೆ ಅಂತ ಫ್ರಾವ್ ಡಾಕ್ಟರ್ ಗೊಣಗಿದ್ದರಿಂದ ನಮ್ಮ ಬಾಲ್ಕನಿಯಲ್ಲೇ ಇಟ್ಟು ಸಾಕುತ್ತಿದ್ದೆ. ಮಗುವಿಗಿಂತ ಹೆಚ್ಚು ಆರೈಕೆ. ಎರಡು ತಿಂಗಳಿಗೆ ಹಸಿರು ಬಣ್ಣ ಏನು ಚಂದ ಬಂದಿತ್ತೆಂದರೆ, ನೋಡಿದವರಿಗೆ ಅವತ್ತೇ ಸಮಾಧಿಯಿಂದ ತೆಗೆದದ್ದು ಅನ್ನಿಸಬೇಕು.

ಒಂದು ಸಂಜೆ ಕೆಲಸ ಮುಗಿಸಿ ಬಂದೆ. ಅತ್ತೆಯವರು ಬಾಗಿಲಲ್ಲೇ ನಿಂತಿದ್ದರು. ಮುಖದಲ್ಲಿ ಸಂತೋಷ ತುಂಬಿ ಚೆಲ್ಲುತ್ತಿತ್ತು.

"ಬಾ ಯವ್ವಾ ಬಾ. ನೀ ಪಾಪ ದಿನಾ ದುಡದು ಬರ್ತಿ, ಮನ್ಯಾಗ ಭಾಂಡೆ ತಿಕ್ಕಾಕ ಎಲ್ಲಿ ಟೈಮ್ ಸಿಗತೈತಿ. ಇವತ್ತ ಎಲ್ಲಾ ನಾನ ತಿಕ್ಕಿ ಇಟ್ಟೀನಿ ನೋಡು."

ಅಡುಗೆಮನೆ ಕಟ್ಟೆಯ ಮೇಲೆ ನನ್ನ ತಟ್ಟೆಗಳು ಸೂರ್ಯನ ಹಾಗೆ ಹೊಳೆಯುತ್ತಿದ್ದವು. ಪಕ್ಕದಲ್ಲಿ ಹುಣಸೆಹಣ್ಣಿನ ಸಿಪ್ಪೆಯ ಗುಡ್ಡೆ.

"ಅತ್ತಿ, ಏನ್ರಿ ಮಾಡಿದ್ರಿ ಇದು?" ನನ್ನ ಧ್ವನಿಯೇ ನನಗೆ ಗುರುತು ಸಿಗಲಿಲ್ಲ.

"ಎಷ್ಟ್ ಕಿಲಬು ಅಂತಿ! ಭುಜಾ ಬಿದ್ದ ಹೋದ್ವು. ಹಂಗಂತ ಬಿಡಲಿಲ್ಲ ನಾ. ಇಂಥಾ ಹೊಲಸು ಸಾಮಾನು ಬಾಲ್ಕನ್ಯಾಗಿಟ್ರ ಆಜೂಬಾಜೂದವರು ಏನಂದಾರು?"

ಅಳುವುದೋ ನಗುವುದೋ ತಿಳಿಯದೆ ಅಲ್ಲೇ ಕುರ್ಚಿಯ ಮೇಲೆ ಕೂತೆ. ಪಾಪ, ಅಷ್ಟು ಪ್ರೀತಿಯಿಂದ ಮಾಡಿದವರಿಗೆ ಏನು ಹೇಳುವುದು? "ಚಲೋ ಆಗ್ಯಾವರಿ" ಅಂದೆ. ಅತ್ತೆಗೆ ಇನ್ನೂ ಹುರುಪು ಬಂತು. "ನಿಮ್ಮ ಮ್ಯೂಸಿಯಮ್ಮಿನಾಗ ಇಂಥಾವು ಭಾಳ ಅದಾವಂತಲ್ಲ? ಒಂದಿನ ಕರಕೊಂಡ ಹೋಗು. ಮಧ್ಯಾಹ್ನದೊಳಗ ಎಲ್ಲಾ ಮುಗಿಸಿ ಬಿಡೂಣು."

ಮರುದಿನ ಫ್ರಾವ್ ಡಾಕ್ಟರಿಗೆ ನಡೆದದ್ದೆಲ್ಲ ಹೇಳಿದೆ. ಅವರು ತಟ್ಟೆಯನ್ನು ಕೈಯಲ್ಲಿ ಹಿಡಿದು, ಅದರಲ್ಲಿ ತಮ್ಮ ಮುಖವನ್ನು ತುಂಬಾ ಹೊತ್ತು ನೋಡಿಕೊಂಡು, ಕೊನೆಗೆ ಹೇಳಿದರು:

"ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಅವರು ವಾಪಸ್ ಊರಿಗೆ ಹೋಗುವವರೆಗೆ ಮ್ಯೂಸಿಯಂ ರಿಪೇರಿಯಲ್ಲಿದೆ ಅಂತಲೂ ತಿಳಿಸಿ."

ಒಂದನೇ ಕ್ಲಾಸಿನ ವರದಿ

ಮಗಳು ಒಂದನೇ ಕ್ಲಾಸಿಗೆ ಸೇರಿದ ಹೊಸತು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಜರ್ಮನ್‌ನಲ್ಲಿ ಉತ್ತರ ಕೊಡುವ ಕಾಲ. ಒಂದು ದಿನ ಟೀಚರಿಂದ ಫೋನು. ತುರ್ತಾಗಿ ಒಂದು ಟರ್ಮೀನ್, ಅಂದರೆ ಭೇಟಿಯ ಸಮಯ, ಬೇಕು, ಗಂಡ ಹೆಂಡತಿ ಇಬ್ಬರೂ ಬರಬೇಕು. ಇಲ್ಲಿ ಹಲ್ಲುನೋವಿಗೂ ತಿಂಗಳು ಕಾಯಿಸುತ್ತಾರೆ. ಮರುದಿನವೇ ಟರ್ಮೀನ್ ಅಂದ ಮೇಲೆ ವಿಷಯ ಗಂಭೀರವೇ ಇರಬೇಕು.

ಟೀಚರು ಬಾಗಿಲು ಹಾಕಿಕೊಂಡು ಕೂತರು. ಪಕ್ಕದಲ್ಲಿ ಇನ್ನೊಬ್ಬರು, ಮಕ್ಕಳ ಮನಸ್ಸಿನ ವಿಷಯ ನೋಡಿಕೊಳ್ಳುವ ಮೇಡಂ.

"ನಿಮ್ಮ ಮಗಳು ತುಂಬಾ ಜಾಣೆ" ಅಂತ ಶುರುಮಾಡಿದರು. ಇಲ್ಲಿಯವರು ಹೊಗಳಿ ಶುರುಮಾಡಿದರೆ ಎದೆ ಗಟ್ಟಿ ಮಾಡಿಕೊಳ್ಳಬೇಕು. "ನಿನ್ನೆ ಅಪ್ಪ ಅಮ್ಮ ಏನು ಕೆಲಸ ಮಾಡುತ್ತಾರೆ ಅಂತ ಮಕ್ಕಳನ್ನು ಕೇಳಿದೆವು. ನಿಮ್ಮ ಮಗಳು ಎದ್ದು ನಿಂತು, ಅಮ್ಮ ಸತ್ತ ಹೆಂಗಸರ ಸಾಮಾನು ಸಮಾಧಿಯಿಂದ ತರಿಸಿಕೊಳ್ಳುತ್ತಾಳೆ, ಅದನ್ನು ದಿನವಿಡೀ ಚಾಕುವಿನಿಂದ ಕೆರೆಯುತ್ತಾಳೆ, ಒಳಗೆ ಮುಖ ಕಾಣಿಸಿದರೆ ಅವತ್ತು ಮನೆಯಲ್ಲಿ ಪಾಯಸ ಅಂದಳು."

ನಾನು ಗಡಿಬಿಡಿಯಿಂದ ಫೋನು ತೆಗೆದು, ಕನ್ನಡಿಗಳ ಫೋಟೋ ತೋರಿಸಿ, ಎಲ್ಲ ಬಿಡಿಸಿ ಹೇಳಿದೆ. ಟೀಚರ ಮುಖಕ್ಕೆ ರಕ್ತ ವಾಪಸ್ ಬಂತು. ಇಬ್ಬರೂ ಮನಸಾರೆ ನಕ್ಕರು. ಎಷ್ಟು ಸೊಗಸಾದ ಕೆಲಸ, ಮಕ್ಕಳನ್ನೆಲ್ಲ ಮ್ಯೂಸಿಯಮ್ಮಿಗೆ ಕರೆತರುತ್ತೇವೆ ಅಂದರು. ನಾವು ಎದ್ದು ಹೊರಡಲು ಬಾಗಿಲ ಹತ್ತಿರ ಬಂದಾಗ ಟೀಚರು ನಮ್ಮವರ ಕಡೆ ನೋಡಿ ಮೆಲ್ಲಗೆ ಕೇಳಿದರು:

"ಹಾಗಾದರೆ ಇವರು ದಿನಾ ಜನರ ಕಾರಿನ ಬ್ರೇಕ್ ಫೇಲ್ ಮಾಡಿ ಬರುತ್ತಾರೆ ಅನ್ನುವುದಕ್ಕೂ ಏನಾದರೂ ಕಾರಣ ಇರಬೇಕು, ಅಲ್ಲವೇ?"

ನಮ್ಮವರು ಬ್ರೇಕ್ ಟೆಸ್ಟಿಂಗ್ ವಿಭಾಗದಲ್ಲಿದ್ದಾರೆ. ಮತ್ತೆ ಬಂದು ಕೂತೆವು.

ಹಳೆಗನ್ನಡದ ಸೇವೆ

ಎಷ್‌ಬಾರ್ನ್‌ನಲ್ಲಿ ರಾಜ್ಯೋತ್ಸವ ಅಂತ ಬೇರೆಬೇರೆ ಊರುಗಳಿಂದ ಕನ್ನಡದವರೆಲ್ಲ ಸೇರಿದ್ದರು. ಬಾಡಿಗೆಗೆ ಹಿಡಿದ ಹಾಲ್, ಮಕ್ಕಳ ಕಿರುಚಾಟ, ಸ್ಪೀಕರಿನಲ್ಲಿ ಹಾಡು. ಚಿತ್ರಾನ್ನದ ಸಾಲಿನಲ್ಲಿ ನಿಂತಿದ್ದಾಗ ಕಾರ್ಯಕ್ರಮದ ಉಸ್ತುವಾರಿ ಹೊತ್ತಿದ್ದ ಒಬ್ಬರು ಮಾತಾಡಿಸಿದರು. ಮೈಸೂರಿನವರು, ಸಾಫ್ಟ್‌ವೇರಿನಲ್ಲಿದ್ದವರು, ಬಹಳ ಉತ್ಸಾಹಿ.

"ಮೇಡಂ, ತಾವು ಏನ್ ಮಾಡ್ಕೊಂಡಿದೀರಾ?"

"ಹಳೇ ಕನ್ನಡಿ ಉಳಿಸೋ ಕೆಲಸರಿ" ಅಂದೆ, ಹಾಡಿಗಿಂತ ಜೋರಾಗಿ.

ಅವರ ಕಣ್ಣು ಅರಳಿತು. "ಹಳೆಗನ್ನಡ! ಇಲ್ಲಿ? ಜರ್ಮನೀಲಿ? ಎಷ್ಟು ಹಳೇದು ಮೇಡಂ?"

"ಎರಡು ಸಾವಿರ ವರ್ಷದ ಮ್ಯಾಲಿನವು. ಇಟಲಿಯೊಳಗ ಸಿಕ್ಕಾವು."

"ಇಟಲೀಲಾ!" ಅವರ ತಟ್ಟೆಯಲ್ಲಿದ್ದ ಹಪ್ಪಳ ಕೆಳಗೆ ಬಿತ್ತು. "ಬರಹಾನೂ ಇದೆಯಾ ಮೇಡಂ?"

"ಕೆಲವದರ ಮ್ಯಾಲೆ ಕೊರದಿರ್ತಾರ."

ಅವರು ಚಿತ್ರಾನ್ನ ಅಲ್ಲೇ ಬಿಟ್ಟು ಓಡಿದರು. ಪಾಪ ಏನೋ ತುರ್ತು ಕೆಲಸ ಅಂದುಕೊಂಡೆ. ಹತ್ತು ನಿಮಿಷಕ್ಕೆ ಮೈಕಿನಲ್ಲಿ ಅವರ ಧ್ವನಿ ಮೊಳಗಿತು. "ಬಂಧುಗಳೇ, ಎರಡು ಸಾವಿರ ವರ್ಷಗಳ ಹಿಂದಿನ ಹಳೆಗನ್ನಡವನ್ನು ಯುರೋಪಿನ ನೆಲದಿಂದ ಹೊರತೆಗೆದು ರಕ್ಷಿಸುತ್ತಿರುವ ಒಬ್ಬ ಸಹೋದರಿ ಸದ್ದಿಲ್ಲದೆ ನಮ್ಮ ನಡುವೆ ಊಟ ಮಾಡ್ತಾ ಇದಾರೆ!"

ಚಪ್ಪಾಳೆಯೋ ಚಪ್ಪಾಳೆ. ನನ್ನನ್ನು ಕೈಹಿಡಿದು ವೇದಿಕೆಗೆ ಹತ್ತಿಸಿ, ಯಾರಿಗೋ ಅಂತ ತಂದಿಟ್ಟಿದ್ದ ಶಾಲು ಹೊದಿಸಿದರು. ಕೈತುಂಬ ಅನ್ನದ ಎಣ್ಣೆ. ಇದನ್ನು ಇಲ್ಲಿಗೇ ನಿಲ್ಲಿಸಬೇಕು ಅಂತ ಮೈಕ್ ಕಸಿದುಕೊಂಡು ಸ್ಪಷ್ಟವಾಗಿ ಹೇಳಿದೆ:

"ಕ್ಷಮಿಸ್ರಿ, ತಪ್ಪ ತಿಳಕೊಂಡೀರಿ. ನಾನು ಸೇವಾ ಮಾಡೂದು ಕನ್ನಡಕ್ಕಲ್ಲ, ಕನ್ನಡಿಗೆ!"

ಸ್ಪೀಕರ್ ಗೊರಗೊರ ಅನ್ನುತ್ತಿತ್ತು. ಕೂತವರ ಕಿವಿಗೆ ಅದು "ಕನ್ನಡಿಗರಿಗೆ" ಅಂತ ಕೇಳಿತು. ಇಡೀ ಹಾಲ್ ಎದ್ದು ನಿಂತಿತು. ಮುಂದಿನ ಸಾಲಿನ ಅಜ್ಜಿಯೊಬ್ಬರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಹಿಂದೆ ನಿಂತಿದ್ದ ಹುಡುಗರಲ್ಲಿ ಒಬ್ಬ ಶಿಳ್ಳೆ ಹೊಡೆದು, "ಮಗಾ, ಅಕ್ಕ ಸಖತ್ ಡೈಲಾಗ್ ಹೊಡೆದ್ರು!" ಅಂದ.

ಆ ಪ್ರೀತಿಯ ಎದುರು ಇನ್ನೊಮ್ಮೆ ತಿದ್ದುವ ಶಕ್ತಿ ನನಗಿರಲಿಲ್ಲ. ಅದರ ಫಲವಾಗಿ ಈಗ ಭಾನುವಾರ ಇಲ್ಲಿಯ ಮಕ್ಕಳಿಗೆ ಆನ್‌ಲೈನಿನಲ್ಲಿ ಅ ಆ ಇ ಈ ಹೇಳಿಕೊಡುತ್ತೇನೆ. ಮಕ್ಕಳು ಜರ್ಮನ್ ಬಾಯಲ್ಲಿ "ಳ" ಅನ್ನಲು ಹೆಣಗುವುದನ್ನು ಕೇಳುತ್ತ ಕೂತರೆ ವಾರದ ಆಯಾಸ ಇಳಿಯುತ್ತದೆ. ನಿಜ ಹೇಳಬೇಕೆಂದರೆ ಆ ಶಾಲಿನ ಋಣ ಹಾಗೆ ತೀರಿಸುತ್ತಿದ್ದೇನೆ.

ಆ ಕಾರ್ಯಕ್ರಮದ ಮರುದಿನ ಬೆಳಿಗ್ಗೆ ಧಾರವಾಡದಿಂದ ನಮ್ಮ ಅಪ್ಪ ವಾಟ್ಸಾಪ್ ಕಳಿಸಿದ್ದರು. "ಇಟಲಿಯಲ್ಲಿ ಹಳೆಗನ್ನಡ ಶಾಸನ ಪತ್ತೆ! ನಿಜವಾದ ಕನ್ನಡಿಗರಾಗಿದ್ದರೆ ಹತ್ತು ಜನಕ್ಕೆ ಕಳಿಸಿ!" ಕೆಳಗೆ ಅಪ್ಪನದೇ ಒಂದು ಸಾಲು: "ನಿಮ್ಮ ಕಡೆನ ಯಾರೋ ಶ್ಯಾಣ್ಯಾ ಹೆಣ್ಣುಮಗಳು ಹುಡುಕ್ಯಾಳಂತ. ನೀ ಇನ್ನೂ ಆ ಕನ್ನಡಿ ಕೆರಕೋತ ಕೂತೀಯೇನು?"

ಶ್ಪೀಗೆಲ್ ಪಾಪು

ಕಿಲುಬಿನ ಕೆಳಗೆ ಚಿತ್ರ ಇದೆಯೋ ಇಲ್ಲವೋ ತಿಳಿಯಬೇಕಾದರೆ ಎಕ್ಸ್‌ರೇ ತೆಗೆಯಬೇಕು. ನಮ್ಮ ಯಂತ್ರ ಕೆಟ್ಟಿತ್ತು. ಊರಿನ ಒಂದು ಆಸ್ಪತ್ರೆಯ ಎಕ್ಸ್‌ರೇ ಡಾಕ್ಟರಿಗೆ ಹಳೇ ವಸ್ತುಗಳ ಹುಚ್ಚು. ಮಧ್ಯಾಹ್ನ ಊಟದ ಹೊತ್ತಿಗೆ ತನ್ನಿ, ಐದು ನಿಮಿಷದಲ್ಲಿ ತೆಗೆದುಕೊಡುತ್ತೇನೆ ಅಂದಿದ್ದರು.

ನಾನು ಕನ್ನಡಿಯನ್ನು ಮೆತ್ತನೆ ಬಟ್ಟೆಯಲ್ಲಿ ಸುತ್ತಿ, ಎದೆಗವಚಿಕೊಂಡು ಹೋದೆ. ಕೌಂಟರಿನಲ್ಲಿ ಹೊಸ ಹುಡುಗಿ. ಕಂಪ್ಯೂಟರಿನಲ್ಲಿ ಹೆಸರು ಹಾಕದೆ ಒಳಗೆ ಬಿಡುವ ಹಾಗಿಲ್ಲ ಅಂದಳು.

"ಇದು ಎಟ್ರಸ್ಕನ್ ಶ್ಪೀಗೆಲ್" ಅಂದೆ.

ಶ್ಪೀಗೆಲ್ ಅಂತ ಮನೆತನದ ಹೆಸರುಳ್ಳವರು ಇಲ್ಲಿ ಇದ್ದಾರೆ. ಅವಳು ಟೈಪ್ ಮಾಡಿಕೊಂಡಳು. "ಹುಟ್ಟಿದ ದಿನ?"

"ಕ್ರಿಸ್ತಪೂರ್ವ ನಾಲ್ಕನೇ ಶತಮಾನ."

"ಕಂಪ್ಯೂಟರ್ ತಗೊಳ್ತಿಲ್ಲ" ಅಂತ ಎರಡು ಸಲ ಪ್ರಯತ್ನಿಸಿ, ಇವತ್ತಿನ ತಾರೀಖು ಹಾಕಿ, "ಕೂತ್ಕೊಳ್ಳಿ, ಕರೀತಾರೆ" ಅಂದಳು.

ಸ್ವಲ್ಪ ಹೊತ್ತಿಗೆ ನಗುಮುಖದ ಒಬ್ಬ ನರ್ಸ್ ಬಂದಳು. ಒಂದು ಕೈಯಲ್ಲಿ ಗೊಂಬೆ ಕರಡಿ, ಇನ್ನೊಂದರಲ್ಲಿ ಗಿಲಕಿ. "ಎಲ್ಲಿ ನಮ್ಮ ಶ್ಪೀಗೆಲ್ ಪಾಪು?" ಅಂತ ರಾಗವಾಗಿ ಕೇಳಿದಳು. ನಾನು ಅವಚಿಕೊಂಡಿದ್ದ ಬಟ್ಟೆಯ ಗಂಟನ್ನು ನೋಡಿ, "ಅಯ್ಯೋ, ಇವತ್ತೇ ಹುಟ್ಟಿದ್ದಾ!" ಅಂತ ಬಗ್ಗಿ ಬಟ್ಟೆ ಸರಿಸಿದಳು. ಹಸಿರು ಬಣ್ಣ ಕಂಡು ಚೀರಿದ ಚೀರಿಗೆ ಒಳಗಿನಿಂದ ಡಾಕ್ಟರು ಓಡಿ ಬಂದರು.

ಎಲ್ಲರೂ ಸುಧಾರಿಸಿಕೊಂಡ ಮೇಲೆ ಎಕ್ಸ್‌ರೇ ತೆಗೆದೆವು. ಪರದೆಯ ಮೇಲೆ ಬೆಳ್ಳಗೆ ಒಂದೊಂದೇ ಗೆರೆ ಮೂಡಿತು. ಪೀಠದ ಮೇಲೆ ಕೂತ ಒಬ್ಬ ಹೆಣ್ಣುಮಗಳು, ಅವಳ ತಲೆಗೂದಲು ತಿದ್ದುತ್ತಿರುವ ಇನ್ನೊಬ್ಬಳು, ಪಕ್ಕದಲ್ಲಿ ರೆಕ್ಕೆಯ ಮಗು. ಎರಡು ಸಾವಿರ ವರ್ಷದ ಮೇಲೆ ಅವರನ್ನು ನೋಡುತ್ತಿದ್ದವರು ನಾವು ಮೂವರೇ. ಡಾಕ್ಟರು, ನಾನು, ಕೈಯಲ್ಲಿ ಇನ್ನೂ ಗಿಲಕಿ ಹಿಡಿದುಕೊಂಡಿದ್ದ ಆ ನರ್ಸ್. ನರ್ಸ್ ಕಣ್ಣಲ್ಲಿ ನೀರು ಬಂದಿತ್ತು. "ನನ್ನ ತಂಗಿ ಮದುವೇಲಿ ನಾನೂ ಹೀಗೇ ಅವಳ ಕೂದಲು ಕಟ್ಟಿದ್ದೆ" ಅಂದಳು.

ಆ ಚಿತ್ರ ಈಗ ಪೂರ್ತಿ ಹೊರಬಂದಿದೆ, ನರ್ಸ್ ಮನೆಮಂದಿಯನ್ನೆಲ್ಲ ಕರೆತಂದು ತೋರಿಸಿ ಹೋದಳು. ಆದರೆ ಆಸ್ಪತ್ರೆಯ ಕಂಪ್ಯೂಟರಿಗೆ ಈ ಕಥೆ ಗೊತ್ತಿಲ್ಲ. ಅದು ಇವತ್ತಿಗೂ ಮ್ಯೂಸಿಯಮ್ಮಿಗೆ ಜ್ಞಾಪನೆ ಕಳಿಸುತ್ತಿದೆ: ಶ್ಪೀಗೆಲ್ ಪಾಪುವಿಗೆ ಲಸಿಕೆ ಹಾಕಿಸುವುದು ಬಾಕಿ ಇದೆ, ತಂದೆತಾಯಿ ದಯವಿಟ್ಟು ನಿರ್ಲಕ್ಷಿಸಬಾರದು.

ಲೀಸೆಲ್ ವಿಷಯ

ಈಗ ಹೇಳುವುದು ಹೋದ ವರ್ಷದ್ದು. ನಮ್ಮ ಕನ್ನಡಿಗಳಿರುವ ಕೋಣೆಗೆ ಜನ ಬರುತ್ತಿಲ್ಲ, ಅದನ್ನು ಮುಚ್ಚಿ ಅಲ್ಲಿ ಕಾಫಿ ಅಂಗಡಿ ಮಾಡೋಣ ಅಂತ ಮೇಲಿನವರು ಮಾತಾಡಿಕೊಳ್ಳುತ್ತಿದ್ದರು. ಕೋಣೆ ಹೋದರೆ ನಮ್ಮ ವರ್ಕ್‌ಶಾಪೂ ಹೋದ ಹಾಗೆಯೇ. ಫ್ರಾವ್ ಡಾಕ್ಟರ್ ಊಟ ಬಿಟ್ಟಿದ್ದರು. ಆಗ ಮ್ಯಾನ್‌ಹೈಮ್ ಕಡೆಯಿಂದ ಎಂಬತ್ತು ದಾಟಿದ ಒಬ್ಬ ಅಜ್ಜಿ ಒಂದು ಕನ್ನಡಿ ತಂದುಕೊಟ್ಟರು. ಮನೆ ಖಾಲಿ ಮಾಡುವಾಗ ನೆಲಮಾಳಿಗೆಯಲ್ಲಿ, ಆಲೂಗಡ್ಡೆ ಇಡುವ ಮೂಲೆಯಲ್ಲಿ ಸಿಕ್ಕಿತಂತೆ. ಅವರಪ್ಪ ಯಾವ ಕಾಲದಲ್ಲೋ ಇಟಲಿಯಿಂದ ಕೊಂಡು ತಂದದ್ದು. ಆ ತೇವಕ್ಕೆ ಹೊಸ ಕಿಲುಬು ಮೈತುಂಬ ಹತ್ತಿತ್ತು.

ನಾನು ಮುಖ ನೋಡುವ ಬದಿಯನ್ನು ಚೊಕ್ಕಟ ಮಾಡುತ್ತಿದ್ದಾಗ, ಎಡಗಡೆ ಅಂಚಿನಲ್ಲಿ ಅಕ್ಷರ ಕಂಡವು. ಎಟ್ರಸ್ಕನ್ನರಲ್ಲಿ ಕೆಲವು ಕನ್ನಡಿಗಳ ಇದೇ ಬದಿಗೆ, ಇದು ಸತ್ತವರಿಗೆ ಸೇರಿದ್ದು ಅಂತ ಕೊರೆದಿಡುವ ಪದ್ಧತಿ ಇತ್ತು. ಅವರ ಬರಹ ಬಲದಿಂದ ಎಡಕ್ಕೆ ಹೋಗುತ್ತದೆ, ಅಕ್ಷರಗಳೂ ಹಿಂದುಮುಂದಾಗಿ ತಿರುಗಿರುತ್ತವೆ. ಇವೂ ಹಾಗೆಯೇ ಇದ್ದವು. ನನ್ನ ಕೂಗಿಗೆ ಫ್ರಾವ್ ಡಾಕ್ಟರ್ ಓಡಿ ಬಂದರು, ಆ ಲಿಪಿ ಓದಬಲ್ಲ ಒಬ್ಬ ಪ್ರೊಫೆಸರನ್ನು ಬೇರೆ ಊರಿನಿಂದ ಕರೆಸಿದರು.

ಪ್ರೊಫೆಸರು ಲೆನ್ಸ್ ಹಿಡಿದು ಬಗ್ಗಿದರು. ನಾಲ್ಕು ಅಕ್ಷರ. ಮೊದಲನೆಯದು ನಮ್ಮ ಇಂಗ್ಲಿಷ್ 'ಡಿ' ತರಹ. ಆ ಲಿಪಿಯಲ್ಲಿ ಅದು 'ರ' ಅಂತೆ.

"ರು... ಮ್ಮ..." ಅಂತ ಕೂಡಿಸಿ ಓದಿದರು. "ರೂಮಾ! ಎಟ್ರಸ್ಕನ್ನರು ರೋಮ್ ನಗರಕ್ಕೆ ಹೇಳುತ್ತಿದ್ದ ಹೆಸರು! ಕನ್ನಡಿಯ ಮೇಲೆ ರೋಮ್!"

ಫ್ರಾವ್ ಡಾಕ್ಟರ್ ಮೊದಲ ಸಲ ನಕ್ಕಿದ್ದು ನೋಡಿದೆ. ಮೇಲಿನವರಿಗೆ ಸುದ್ದಿ ಹೋಯಿತು. ಕಾಫಿ ಅಂಗಡಿಯ ಮಾತು ತಣ್ಣಗಾಯಿತು. ವರ್ಕ್‌ಶಾಪಿನ ಫ್ರಿಜ್ಜಿನಲ್ಲಿ ಒಂದು ಶಾಂಪೇನ್ ಬಾಟಲಿ ಬಂದು ಕೂತಿತು, ಪೂರ್ತಿ ಸಾಲು ಹೊರಬಂದ ದಿನ ತೆಗೆಯುವುದು ಅಂತ.

ನಾನು ಎಡದಿಂದ ಬಲಕ್ಕೆ ಕೆರೆಯುತ್ತ ಹೋದೆ, ಅಂದರೆ ಸಾಲಿನ ಕೊನೆಯಿಂದ ಮೊದಲಿಗೆ. ಮುಂದಿನ ವಾರ ಇನ್ನೊಂದು ಪದ ಸಿಕ್ಕಿತು: "ಇಸ್ತ್." ಇದು ಯಾರಿಗೂ ಗೊತ್ತಿಲ್ಲದ ಹೊಸ ಪದ ಅಂತ ಪ್ರೊಫೆಸರು ಫೋನಿನಲ್ಲೇ ಕುಣಿದರು. ಉಳಿದದ್ದು ಬಲತುದಿಯ ಪದ. ಎಲ್ಲ ತೆಗೆದು, ಬಟ್ಟೆಯಿಂದ ಒರೆಸಿ, ದೀಪ ಓರೆ ಮಾಡಿ, ಜರ್ಮನ್ ಕಲಿಯುವಾಗಿನ ಅಭ್ಯಾಸದಂತೆ, ಬಲಗಡೆಯಿಂದ ಅಕ್ಷರ ಕೂಡಿಸಿ ಬಾಯಿಬಿಟ್ಟು ಓದಿದೆ.

"ಲೀ... ಸೆಲ್... ಇಸ್ಟ್... ಡುಮ್ಮ್."

ಓದಿ ಮುಗಿಸಿದ ಮೇಲೆ ನನಗೇ ಅರ್ಥವಾಯಿತು. ಇದು ಎಟ್ರಸ್ಕನ್ ಅಲ್ಲ, ಅಚ್ಚ ಜರ್ಮನ್. ಆ 'ಡಿ' ಸಾಕ್ಷಾತ್ 'ಡಿ'ಯೇ. ಬರೆದದ್ದು ಇಷ್ಟೇ: ಲೀಸೆಲ್ ದಡ್ಡಿ.

ಫ್ರಾವ್ ಡಾಕ್ಟರ್ ಫ್ರಿಜ್ಜಿನಿಂದ ಬಾಟಲಿ ತೆಗೆದು ಅಲಮಾರಿಯಲ್ಲಿಟ್ಟು, ಬೀಗ ಹಾಕಿದರು. ಪ್ರೊಫೆಸರಿಗೆ ನೀವೇ ಹೇಳಿ ಅಂತ ನನಗೆ ಕಣ್ಣಲ್ಲೇ ಸನ್ನೆ ಮಾಡಿದರು. ನಾನು ಅದಕ್ಕಿಂತ ಮೊದಲು ಕನ್ನಡಿ ಕೊಟ್ಟ ಅಜ್ಜಿಗೆ ಫೋನು ಮಾಡಿದೆ.

"ನಿಮ್ಮ ಮನೆಯಲ್ಲಿ ಲೀಸೆಲ್ ಅಂತ ಯಾರಾದರೂ ಇದ್ದರೇ?"

"ಇದ್ದರೇ ಏನು, ಇದ್ದಾಳೆ. ನನ್ನ ಅಕ್ಕ. ತೊಂಬತ್ತಾಯಿತು. ಯಾಕೆ?"

"ಕನ್ನಡಿಯ ಮೇಲೆ ಅವರ ವಿಷಯ ಏನೋ ಬರೆದಿದೆ."

ಆ ಕಡೆಯಿಂದ ಪುಟ್ಟ ಹುಡುಗಿಯ ಹಾಗೆ ಒಂದು ಧ್ವನಿ: "ದಡ್ಡಿ ಅಂತಾನಾ?"

ಎಲ್ಲ ನೆನಪಾಗಿ ಅಜ್ಜಿ ನಗುತ್ತ ಅಳುತ್ತ ಹೇಳಿದರು. ಆಗ ಅವರಿಗೆ ಏಳು ವರ್ಷ. ಅಕ್ಕ ಇವರ ಜಡೆಯ ರಿಬ್ಬನ್ ಕತ್ತರಿಸಿದ್ದಳು. ಸಿಟ್ಟಿನಲ್ಲಿ ಮೊಳೆ ತಗೊಂಡು, ಅಕ್ಕ ದಿನಾ ಕೈಯಲ್ಲಿ ಹಿಡಿದು ಆಡುತ್ತಿದ್ದ ಕನ್ನಡಿಯ ಮೇಲೆ ಗೀಚಿದರು. ಕನ್ನಡಿಯಲ್ಲಿ ಎಲ್ಲ ಉಲ್ಟಾ ಕಾಣುತ್ತದಲ್ಲ, ಅದಕ್ಕೆ ಉಲ್ಟಾ ಬರೆದರೆ ಅಕ್ಕನಿಗೆ ಸರಿಯಾಗಿ ಕಾಣುತ್ತದೆ ಅನ್ನುವುದು ಆ ಪುಟ್ಟ ತಲೆಯ ಲೆಕ್ಕ. ಬರೆದು ಮುಗಿಸಿದ ಮೇಲೆ ಅಪ್ಪನ ಹೆದರಿಕೆಯಾಗಿ ಆಲೂಗಡ್ಡೆಯ ರಾಶಿಯ ಅಡಿಯ ಮಣ್ಣಿನಲ್ಲಿ ಹೂತಿಟ್ಟರು. ಕನ್ನಡಿ ಕಳೆದವಳು ಲೀಸೆಲ್ಲೇ ಅಂತ ಅಪ್ಪ ಅವಳನ್ನು ಬೈದರು. ತಂಗಿ ಬಾಯಿ ಬಿಡಲಿಲ್ಲ. ಅಕ್ಕನಿಗೆ ಮಾತ್ರ ಇದು ಇವಳದೇ ಕೆಲಸ ಅಂತ ಅನುಮಾನ. ಆ ಮುನಿಸು ಪೂರ್ತಿ ಆರಲೇ ಇಲ್ಲ. ದೊಡ್ಡವರಾದ ಮೇಲೆ ಕ್ರಿಸ್‌ಮಸ್‌ಗೊಂದು ಕಾರ್ಡು, ಹುಟ್ಟಿದಹಬ್ಬಕ್ಕೊಂದು ಫೋನು, ಅಷ್ಟೇ ಉಳಿಯಿತು.

"ಅಳಿಸಬೇಡಿ" ಅಂದರು ಅಜ್ಜಿ. "ನಾನೇ ಅವಳಿಗೆ ಹೇಳುತ್ತೇನೆ."

ಅಳಿಸುವ ಪ್ರಶ್ನೆಯೇ ಇಲ್ಲ ಅಂತ ಫ್ರಾವ್ ಡಾಕ್ಟರೂ ಅಂದರು. ವಸ್ತುವಿನ ಮೈಮೇಲೆ ನಡೆದದ್ದೆಲ್ಲ ಅದರ ಚರಿತ್ರೆಯೇ. ಈ ಕಥೆ ಊರಿನ ಪೇಪರಿನಲ್ಲಿ ಬಂತು. ರೋಮ್ ನಗರದ ಹೆಸರಿಗೆ ಎಷ್ಟು ಜನ ಬರುತ್ತಿದ್ದರೋ ಗೊತ್ತಿಲ್ಲ, ಲೀಸೆಲ್ ಹೆಸರಿಗೆ ಬಾಗಿಲಾಚೆವರೆಗೆ ಸಾಲು ಹತ್ತಿತು. ಶಾಲೆ ಮಕ್ಕಳು, ಅಕ್ಕ ತಂಗಿಯರು, ಅಜ್ಜಿ ಮೊಮ್ಮಕ್ಕಳು. ಕೋಣೆ ಮುಚ್ಚುವ ಮಾತನ್ನು ಮೇಲಿನವರು ಮತ್ತೆ ಎತ್ತಲಿಲ್ಲ. ಕನ್ನಡಿಗೆ ಹೊಸ ಗಾಜಿನ ಪೆಟ್ಟಿಗೆ ಬಂತು, ಉದ್ಘಾಟನೆಗೆ ಅಕ್ಕ ತಂಗಿ ಇಬ್ಬರನ್ನೂ ಕರೆದೆವು. ಪ್ರೊಫೆಸರೂ ಬಂದರು. ದೊಡ್ಡ ಮನಸ್ಸಿನವರು, ತಮ್ಮ ತಪ್ಪಿಗೆ ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ.

ಲೀಸೆಲ್ ಅಜ್ಜಿ ವಾಕರ್ ಹಿಡಿದು ಮೆಲ್ಲಗೆ ಬಂದರು. ಪೆಟ್ಟಿಗೆಯ ಮುಂದೆ ನಿಂತು ಕನ್ನಡಕ ಸರಿಮಾಡಿಕೊಂಡು ಓದಿದರು. ತಂಗಿ ಹಿಂದೆ ತಲೆತಗ್ಗಿಸಿ ನಿಂತಿದ್ದರು. ಲೀಸೆಲ್ ಅಜ್ಜಿ ತಿರುಗಲಿಲ್ಲ, ಕೈ ಮಾತ್ರ ಹಿಂದಕ್ಕೆ ಚಾಚಿ ತಂಗಿಯ ಕೈ ಹಿಡಿದುಕೊಂಡರು.

"ನಾನು ಕಳೆದಿಲ್ಲ ಅಂತ ಅಪ್ಪನಿಗೆ ಎಷ್ಟು ಸಲ ಹೇಳಿದೆ" ಅಂದರು.

ನಮ್ಮೆಲ್ಲರ ಕಣ್ಣು ತುಂಬಿತು. ಫ್ರಾವ್ ಡಾಕ್ಟರ್ ಮೂಗು ಒರೆಸಿಕೊಂಡರು.

ಅಷ್ಟರಲ್ಲಿ ಲೀಸೆಲ್ ಅಜ್ಜಿಯ ಕಣ್ಣು ಕೆಳಗಿದ್ದ ವಿವರಣೆಯ ಮೇಲೆ ಬಿತ್ತು. ಅದನ್ನು ಬರೆದವರು ಫ್ರಾವ್ ಡಾಕ್ಟರ್, ಶಾಸ್ತ್ರೋಕ್ತವಾಗಿ. ಅಜ್ಜಿ ಗಟ್ಟಿಯಾಗಿ ಓದತೊಡಗಿದರು. "ಕಂಚಿನ ಕನ್ನಡಿ, ಎಟ್ರಸ್ಕನ್. ಮೇಲಿನ ಬರಹ ಈಚಿನದು. ಲೀಸೆಲ್ ಎಂಬುವವರು ದಡ್ಡರೆಂದು ತಿಳಿಸುತ್ತದೆ. ಈ ಹೇಳಿಕೆ ನಿಜವೇ ಎಂದು ಪರಿಶೀಲಿಸಿಲ್ಲ."

ಅಜ್ಜಿ ವಾಕರನ್ನು ನೆಲಕ್ಕೆ ಕುಟ್ಟಿದರು. "ಪರಿಶೀಲಿಸಿಲ್ಲ ಅಂದರೇನು? ಜೀವಂತ ಇಲ್ಲೇ ನಿಂತಿದ್ದೀನಲ್ಲ, ಈಗಲೇ ಪರಿಶೀಲಿಸಿ!"

ಹಿಂದಿನಿಂದ ತಂಗಿ, ಅಕ್ಕನ ಕೈ ಬಿಡದೆಯೇ ಹೇಳಿದರು:

"ಬೇಡಿ, ತೊಂದರೆ ತಗೋಬೇಡಿ. ನಾನು ಪರಿಶೀಲಿಸಿಯೇ ಬರೆದದ್ದು."